ಹೊಗಳಿದರೆ ಒಣಗುವ ಊರಿನಲ್ಲಿ ಚಹಾ ಮಾರಿದ್ದು

ಸೂರ್ಯನಿಗೆ ಜಾಹೀರಾತು ಬರೆದುಕೊಟ್ಟವನು ನಾನೇ. ಅದಕ್ಕೆ ಮುಂಚೆ ಅವನನ್ನು ಕೇಳುವವರೇ ಇರಲಿಲ್ಲ. ವಾರಕ್ಕೊಂದೆರಡು ಸಲ, ಅದೂ ಮನಸ್ಸಿದ್ದರೆ, ಜನ ಊಟಕ್ಕೆ ಕೂರುವ ಹೊತ್ತಿಗೆ ಆಕಳಿಸುತ್ತ ಬಂದು ಮುಖ ತೋರಿಸಿ ಹೋಗುತ್ತಿದ್ದ. ನಾನು ಎರಡೇ ಸಾಲು ಬರೆದು ಮೂಡಲ ಬೆಟ್ಟಕ್ಕೆ ಅಂಟಿಸಿದೆ ನೋಡಿ, ಅವತ್ತಿನಿಂದ ಮಹಾಶಯ ಒಂದು ದಿನ ರಜೆ ಹಾಕಿಲ್ಲ. ಸಮುದ್ರಕ್ಕೆ ಉಪ್ಪಿನ ವ್ಯಾಪಾರ ಕುದುರಿಸಿಕೊಟ್ಟವನೂ ನಾನೇ, ಆದರೆ ಅದನ್ನೆಲ್ಲ ಹೇಳಿದರೆ ಜಂಬ ಅಂತೀರಿ. ನನ್ನ ಬೆರಳು ಮೊಬೈಲಿನ ಗಾಜಿಗೆ ತಾಗಿತು ಅಂದರೆ ಹತ್ತೂರಿನ ಜನ ಉಂಡ ಕೈ ತೊಳೆಯದೆ ಅಂಗಡಿಗೆ ಓಡುತ್ತಿದ್ದರು. ಇಂಥ ನನಗೂ ಒಂದು ಊರು ಮಣ್ಣು ಮುಕ್ಕಿಸಿತು. ಸೂರ್ಯನ ಮಾತನ್ನು ನಂಬಿದವರು ಇದನ್ನೂ ನಂಬಬೇಕು. ನಂಬದವರು ಕೇಳಿಯಾದರೂ ಹೋಗಿ.

ನನ್ನ ಕಂಪನಿಯ ಹೆಸರು ನವಿಲುಗರಿ ಚಹಾ. ಪುಡಿ ಹೇಗಿತ್ತು ಎಂದು ಕೇಳಬೇಡಿ. ಬಿಸಿನೀರಿಗೆ ಹಾಕಿದರೆ ಕೆಂಪಗಾಗುತ್ತಿತ್ತು, ಅಷ್ಟು ಸಾಕು. ಉಳಿದದ್ದೆಲ್ಲ ನನ್ನ ಕೆಲಸ. ಫೋನಿನಲ್ಲಿ ಪಟ ಹಾಕುವುದು, ಹಾಡು ಕಟ್ಟುವುದು, ಜನರ ಬಾಯಲ್ಲಿ ಹೆಸರು ಓಡಾಡಿಸುವುದು. ಎಲ್ಲ ಊರಿನಲ್ಲೂ ಮಳೆಗಾಲದ ನೀರಿನ ಹಾಗೆ ಹರಿದುಹೋದ ಪುಡಿ ಆ ಒಂದು ಊರಿನ ಅಂಗಡಿಗಳಲ್ಲಿ ಮಾತ್ರ ಧೂಳು ತಿನ್ನುತ್ತ ಕೂತಿತ್ತು. ಹೆಡ್ಡಾಫೀಸಿನ ಮಧುಲಿಕಾ ಮೇಡಂ ನನ್ನನ್ನು ಕರೆಸಿ, ಹೋಗಿ ಅಲ್ಲೇ ಇದ್ದು ಆ ಊರಿನವರ ಭಾಷೆ ಕಲಿತು ಮಾರಿಕೊಂಡು ಬನ್ನಿ ಎಂದರು. ಅವರು ಹೇಳಿದ್ದು ಕನ್ನಡವನ್ನಲ್ಲ, ಕನ್ನಡ ನನಗೆ ಬರುತ್ತಿತ್ತು.

ಬಸ್ಸಿಳಿದ ಕೂಡಲೇ ಕಣ್ಣಿಗೆ ಬಿದ್ದದ್ದು ಒಂದು ಹೋಟೆಲಿನ ಬೋರ್ಡು. ‘ಹಳಸಿದ ಇಡ್ಲಿ ಭವನ. ತಿಂದವರು ಪಶ್ಚಾತ್ತಾಪ ಪಟ್ಟಿದ್ದಾರೆ.’ ಒಳಗೆ ಕಾಲಿಡಲು ಜಾಗವಿಲ್ಲ, ಹೊರಗೆ ಎಲೆ ಹಿಡಿದುಕೊಂಡು ನಿಂತವರ ಸಾಲು ಪೆಟ್ರೋಲ್ ಬಂಕಿನವರೆಗೆ. ಛತ್ರದ ಮುಂದೆ ಹೊಸ ಬ್ಯಾನರು. ‘ಹುಡುಗ ಕೋತಿ, ಹುಡುಗಿ ಗೂಬೆ. ಬನ್ನಿ, ಉಂಡು ತೊಲಗಿ.’ ಅದರ ಕೆಳಗೆ ಹುಡುಗಿಯ ತಾಯಿ ಸಂಭ್ರಮದಿಂದ ಕೈ ಮುಗಿದು ಬಂದವರನ್ನು ಒಳಗೆ ಕರೆಯುತ್ತಿದ್ದಳು. ತೊಟ್ಟಿಲ ಕೂಸನ್ನು ನೋಡಲು ಬಂದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು, ಏನು ದರಿದ್ರ ಮೂಗೇ ಇದರದ್ದು ಎನ್ನುತ್ತಿದ್ದರು. ಕೂಸಿನ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಸಂತೋಷಕ್ಕೆ. ಯಾರೂ ಯಾರನ್ನೂ ‘ನೀವು’ ಎನ್ನುತ್ತಿರಲಿಲ್ಲ. ಆ ಮರ್ಯಾದೆ ಗುರುತಿಲ್ಲದವರಿಗೆ ಮತ್ತು ಸತ್ತವರಿಗೆ ಮಾತ್ರ. ನನ್ನ ಹೆಸರು ಸುಂದರೇಶ ಎಂದಾಗ ಇಡೀ ಬಸ್ ನಿಲ್ದಾಣ ತಲೆ ತಗ್ಗಿಸಿತು. ಇಂಥ ಹೆಸರಿಟ್ಟುಕೊಂಡು ಇಷ್ಟು ವರ್ಷ ಹೇಗೆ ಬದುಕಿದೆಯೋ ಎಂದು ಮರುಗಿ, ಅಲ್ಲೇ ನಿಂತ ನಿಲುವಿನಲ್ಲಿ ನನಗೆ ಮಂಗಣ್ಣ ಎಂದು ಹೆಸರಿಟ್ಟರು.

ಆ ಹೆಸರಿಟ್ಟವಳು ತಿಪ್ಪಕ್ಕ. ಬಸ್ ನಿಲ್ದಾಣದ ಹಿಂದೆ ಒಂದು ಉದ್ದನೆಯ ಸುಣ್ಣದ ಗೋಡೆ, ಆ ಗೋಡೆಗೆ ಒರಗಿದಂತೆ ಅವಳ ಚಹಾದಂಗಡಿ. ಆ ಗೋಡೆಯೇ ಒಂದು ಕಾಲದಲ್ಲಿ ಊರಿನ ಪತ್ರಿಕೆ. ಯಾರ ಮನೆಯಲ್ಲಿ ಮಗು ಹುಟ್ಟಲಿ, ಯಾರ ಬಾವಿಯಲ್ಲಿ ನೀರು ಬರಲಿ, ಅದನ್ನು ಇದ್ದಿಲಿನಲ್ಲಿ ಬೈದು ಅಲ್ಲಿ ಬರೆಯಬೇಕು. ಬರೆಯುತ್ತಿದ್ದವನು ತಿಪ್ಪಕ್ಕನ ಗಂಡ ಕಲ್ಲಪ್ಪಜ್ಜ. ಹಳಸಿದ ಇಡ್ಲಿಯೂ ಅವನದೇ ಕೈಬರಹ. ಫೋನು ಬಂದ ಮೇಲೆ ಊರವರೆಲ್ಲ ಸೇರಿ ಅದರೊಳಗೊಂದು ಗೋಡೆ ಮಾಡಿಕೊಂಡರು, ಹೆಸರೂ ‘ಗೋಡೆ’ ಎಂದೇ. ಬೆಳಗೆದ್ದು ಹಲ್ಲುಜ್ಜುವುದಕ್ಕೆ ಮೊದಲು ಎಲ್ಲರೂ ಅಲ್ಲಿಗೆ ಹೋಗಿ ತಮಗೆ ಬೇಕಾದವರನ್ನೆಲ್ಲ ಚೆನ್ನಾಗಿ ಬೈದು ಬರುತ್ತಿದ್ದರು.

ನಾನು ಇದನ್ನೆಲ್ಲ ನೋಡಿ ನಕ್ಕೆ. ಹಳ್ಳಿ ಗಮಾರರು ಎಂದುಕೊಂಡು, ನನ್ನ ಬತ್ತಳಿಕೆಯ ಅತ್ಯಂತ ಚೂಪಾದ ಬಾಣ ತೆಗೆದು ಗೋಡೆಯ ಮೇಲೆ ಹಾಕಿದೆ. ನವಿಲುಗರಿ ಕುಡಿದರೆ ಬೋಳುತಲೆಯಲ್ಲಿ ಕೂದಲು ಬರುತ್ತದೆ, ಮುದುಕರಿಗೆ ಹಲ್ಲು ಹುಟ್ಟುತ್ತದೆ, ದೇವತೆಗಳು ಅಮೃತವನ್ನು ಚರಂಡಿಗೆ ಸುರಿದು ಇದಕ್ಕೆ ಕ್ಯೂ ನಿಂತಿದ್ದಾರೆ. ಬೇರೆ ಊರಿನಲ್ಲಾಗಿದ್ದರೆ ಲೈಕುಗಳು ಬಿದ್ದು ಬಿದ್ದು ಫೋನು ಬಿಸಿಯಾಗಿ ಜೇಬು ಸುಡುತ್ತಿತ್ತು. ಇಲ್ಲಿ ಏನೂ ಇಲ್ಲ. ಒಂದು ಹೃದಯದ ಗುರುತಿಲ್ಲ, ಒಂದು ಬೈಗುಳವಿಲ್ಲ. ದಿನವೆಲ್ಲ ಕಾದೆ, ಸ್ಮಶಾನದ ಹಾಗೆ ಸುಮ್ಮನಿತ್ತು.

ಅದರ ಅರ್ಥ ಹೇಳಿದವಳೂ ತಿಪ್ಪಕ್ಕನೇ. ಈ ಊರಲ್ಲಿ ಹೊಗಳಿದ್ದು ಒಣಗಿಹೋಗುತ್ತದೆ, ಅದಕ್ಕೇ ಬೇಕಾದದ್ದನ್ನು ಬೈಯುತ್ತಾರೆ, ಯಾರಿಗೂ ಬೇಡದ್ದನ್ನು ಯಾರೂ ಬೈಯುವುದಿಲ್ಲ, ಸುಮ್ಮನಿದ್ದುಬಿಡುತ್ತಾರೆ ಎಂದಳು. ಹಾಗಾದರೆ ನಾನು ಇಷ್ಟೊಂದು ಹೊಗಳಿದೆನಲ್ಲ, ಹೊಗಳಿದ್ದಕ್ಕೆ ಏನಾದರೂ ಕೇಡಾಗಬೇಕಿತ್ತಲ್ಲ ಎಂದು ನಾನು ಗೇಲಿ ಮಾಡಿದೆ. ಅವಳು ಲೋಟ ತೊಳೆಯುತ್ತಲೇ ಹೇಳಿದಳು, “ಸುಳ್ಳು ಹೊಗಳಿಕೆಗೆ ಹಲ್ಲಿರಲ್ಲ ಕಣೋ ಮಂಗ. ನಿನ್ನ ಪುಡಿ ಕೆಡದೆ ಉಳಿದಿರೋದೇ ನೀನು ಸುಳ್ಳ ಅಂತ.”

ಹಲ್ಲಿರುವ ಹೊಗಳಿಕೆಯನ್ನು ನಾನು ಅದೇ ವಾರ ಕಣ್ಣಾರೆ ಕಂಡೆ. ಬೇರೆ ಊರಿನಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನವರ ಹೆಂಡತಿ, ಪಾಪ, ಒಳ್ಳೆಯ ಹೆಣ್ಣುಮಗಳು, ಪಕ್ಕದ ಮನೆಯ ಮಲ್ಲಿಗೆ ಬಳ್ಳಿಯ ಪಟ ತೆಗೆದು ‘ಇದರ ಘಮಕ್ಕೆ ನಮ್ಮ ಮನೆಯೂ ತುಂಬಿಹೋಗಿದೆ’ ಎಂದು ಗೋಡೆಯ ಮೇಲೆ ಹಾಕಿಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಬಳ್ಳಿ ಹುಲ್ಲಿನ ಮೆದೆಯ ಬಣ್ಣಕ್ಕೆ ಬಂತು. ಬಳ್ಳಿಯ ಒಡತಿ ಜಗಳವಾಡಲಿಲ್ಲ. ಉಪ್ಪು, ಒಣಮೆಣಸಿನಕಾಯಿ ಹಿಡಿದು ಬುಡಕ್ಕೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಕರಕಲಾಗಿ ಸುಟ್ಟುಹೋದರೂ ಘಾಟು ಬರಲಿಲ್ಲ, ಸುತ್ತ ನಿಂತವರಲ್ಲಿ ಒಬ್ಬರಿಗೂ ಕೆಮ್ಮು ಬರಲಿಲ್ಲ. ಘಾಟು ಬರಲಿಲ್ಲವೆಂದರೆ ಕಣ್ಣು ಬಿದ್ದದ್ದು ಖಚಿತ, ಬಿದ್ದದ್ದು ಇನ್ನು ಏಳುವುದಿಲ್ಲ. ಅವಳು ಬಳ್ಳಿ ಕಿತ್ತು, ಆ ಜಾಗದಲ್ಲಿ ಬಟ್ಟೆ ಒಗೆಯುವ ಕಲ್ಲು ಹಾಕಿಸಿದಳು. ಬ್ಯಾಂಕಿನವರ ಹೆಂಡತಿ ಆಮೇಲೆ ಯಾವತ್ತೂ ಕಿಟಕಿ ತೆರೆದದ್ದನ್ನು ನಾನು ನೋಡಲಿಲ್ಲ.

ನಾನು ತಿಪ್ಪಕ್ಕನ ಬೆಂಚಿನ ಮೇಲೆ ಠಿಕಾಣಿ ಹೂಡಿದೆ. ಅವಳ ಚಹಾದ ಬಗ್ಗೆ ಗೋಡೆಯ ಮೇಲೆ ಊರವರು ಬರೆದಷ್ಟು ಕೆಟ್ಟ ಮಾತನ್ನು ನಾನು ಯಾವ ಶತ್ರುವಿನ ಬಗ್ಗೆಯೂ ಓದಿಲ್ಲ. ಆ ಚಹಾ ಕುಡಿದ ದಿನ ನನಗೆ ಅರ್ಥವಾಯಿತು. ಇಲ್ಲಿ ನಾನು ಉಪಮೆ ಕೊಡುವುದಿಲ್ಲ, ಕೊಡಬಾರದು.

ಅದಕ್ಕಿಂತ ದೊಡ್ಡದು ಬೆಳಗಿನ ಮೊದಲ ಲೋಟ. ಕಲ್ಲಪ್ಪಜ್ಜನಿಗೆ ಮರೆವು ಹಿಡಿದಿತ್ತು. ರಾತ್ರಿ ಮಲಗಿ ಎದ್ದನೆಂದರೆ ಅವನಿಗೆ ತನ್ನ ಹೆಸರಿಲ್ಲ, ಮನೆಯಿಲ್ಲ, ಹೆಂಡತಿಯಿಲ್ಲ. ತಿಪ್ಪಕ್ಕ ಅವನ ಕೈ ಹಿಡಿದು ತಂದು ಗೋಡೆಗೆ ಒರಗಿಸಿ ಕೂರಿಸುತ್ತಿದ್ದಳು, ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನಿನ ಹಾಗೆ ಕೂತಿರುತ್ತಿದ್ದ. ಅವಳು ಒಲೆ ಹಚ್ಚಿ, ಹಾಲು ಉಕ್ಕುವ ಮುಂಚೆ ತಲೆಯನ್ನು ಒಲೆಯ ಕಡೆ ವಾಲಿಸಿ, ಪಾತ್ರೆ ಏನೋ ಹೇಳುತ್ತದೆ ಎಂಬಂತೆ ಕೇಳಿಸಿಕೊಂಡು, ತಟ್ಟನೆ ಇಳಿಸುತ್ತಿದ್ದಳು. ಮೊದಲ ಲೋಟವನ್ನು ಯಾವತ್ತೂ ಮಾರುತ್ತಿರಲಿಲ್ಲ. ಅದು ಅವನಿಗೆ. ಒಂದು ಗುಟುಕು ಕುಡಿಯುತ್ತಿದ್ದ. ಮುಖ ಸಿಂಡರಿಸಿಕೊಳ್ಳುತ್ತಿದ್ದ. ಕಣ್ಣಿನೊಳಗೆ ಯಾರೋ ದೀಪ ಹಿಡಿದು ನಡೆದು ಬಂದ ಹಾಗಾಗುತ್ತಿತ್ತು.

“ಥೂ, ಏನೇ ತಿಪ್ಪಿ ಇದು? ಎಮ್ಮೆ ಮೈ ತೊಳೆದ ನೀರಾ?”

ತಿಪ್ಪಕ್ಕ ಆಗ ಆ ಕಡೆ ತಿರುಗಿ ಒರೆಸಿದ ಹಲಗೆಯನ್ನೇ ಮತ್ತೆ ಒರೆಸುತ್ತಿದ್ದಳು. ಬೈಗುಳ ಬಿದ್ದ ಮೇಲೆ ಕಲ್ಲಪ್ಪಜ್ಜ ಸಂಜೆಯವರೆಗೆ ಕಲ್ಲಪ್ಪಜ್ಜನೇ. ಬಂದವರ ಹೆಸರು ಹಿಡಿದು ಮೂದಲಿಸುವನು, ಹಳೆಯ ಬೋರ್ಡುಗಳ ಕಥೆ ಹೇಳುವನು. ಒಂದು ಸಲ ನಾನು ಅವಳನ್ನು, ಇಷ್ಟೆಲ್ಲ ಕಷ್ಟಪಟ್ಟು ದಿನಾ ಅದೇ ಬೈಗುಳ ತಿನ್ನುತ್ತೀಯಲ್ಲ ಎಂದು ರೇಗಿಸಿದೆ. “ಅದೊಂದು ಬಂದರೆ ನನ್ನ ದಿನ ಹೋಗುತ್ತೆ” ಎಂದಳು. “ಬರದೇ ಹೋದ ದಿನ ನಾನು ಯಾರ ಹೆಂಡತಿ ಅಂತ ನನಗೂ ಗೊತ್ತಾಗಲ್ಲ.”

ನನಗೆ ಬೈಯುವ ವಿದ್ಯೆ ಹೇಳಿಕೊಟ್ಟವನು ಕಲ್ಲಪ್ಪಜ್ಜ. ನಾನು ಮಹಾ ಜಾಣನಂತೆ ಮೊದಲು ಬರೆದದ್ದು ಹೀಗಿತ್ತು. ‘ನೆಂಟರಿಗೆ ನವಿಲುಗರಿ ಚಹಾ ಕೊಡಬೇಡಿ, ಎದ್ದು ಹೋಗುವುದೇ ಇಲ್ಲ.’ ಅಜ್ಜ ಕೇಳಿ ಉಗಿದ. ಬೈಗುಳದ ಹೊಟ್ಟೆಯಲ್ಲಿ ಹೊಗಳಿಕೆ ಬಚ್ಚಿಡಬಾರದು, ಗೋಡೆ ಮೂಸಿ ನೋಡುತ್ತದೆ ಎಂದ. ಬೈದರೆ ಮನಸ್ಸಿಟ್ಟು ಬೈಯಬೇಕು, ತಾಯಿ ಮಗನನ್ನು ಬೈದ ಹಾಗೆ. ನಾನು ಹರಿದು ಹಾಕಿ ಮತ್ತೆ ಬರೆದೆ, ಅವನು ಮತ್ತೆ ಉಗಿದ. ನಿನ್ನ ಪುಡಿಯ ಮೇಲೆ ನಿನಗೇ ಪ್ರೀತಿ ಇಲ್ಲ, ಅದಕ್ಕೇ ಬೈಗುಳ ಹುಟ್ಟುತ್ತಿಲ್ಲ ಎಂದ. ನಿಜವಾದ ಮಾತು. ಕೊನೆಗೆ ತಿಪ್ಪಕ್ಕ ಕನಿಕರಪಟ್ಟು, ನಾಳೆ ನಿನ್ನ ದರಿದ್ರ ಪುಡಿಯನ್ನೇ ಹಾಕಿ ಕಾಸುತ್ತೇನೆ ಎಂದಳು. ಕಾಸಿದಳು. ಅದೇ ಪುಡಿ, ಬಿಸಿನೀರಿಗೆ ಕೆಂಪಗಾಗುವುದೊಂದೇ ಗೊತ್ತಿದ್ದ ಪುಡಿ, ಅವಳ ಕೈಯಲ್ಲಿ ಬೇರೇನೋ ಆಯಿತು. ಕಲ್ಲಪ್ಪಜ್ಜ ಗುಟುಕರಿಸಿ, ಇವತ್ತು ಎಮ್ಮೆಯ ಜೊತೆಗೆ ಹಂದಿಯನ್ನೂ ತೊಳೆದೆಯಾ ಎಂದ. ಅವತ್ತು ನನಗೆ ಬೈಗುಳ ತಾನಾಗಿ ಬಂತು. ‘ನವಿಲುಗರಿ ಚಹಾ ಕುಡಿದೆ. ಬಾಯಿ ಇನ್ನೂ ಒಗರು. ನಾಳೆಯೂ ಇದೇ ಗತಿ ಅಂತ ಈಗಲೇ ಸಂಕಟ.’ ಅಷ್ಟೇ ಬರೆದು ಹಾಕಿದೆ.

ಸಂಜೆಯೊಳಗೆ ಗೋಡೆ ಒಡೆಯಿತು. ನಾಯಿಗೆ ಹಾಕಿದೆ, ನಾಯಿ ನನ್ನನ್ನೇ ದುರುಗುಟ್ಟಿ ನೋಡಿತು ಎಂದು ಒಬ್ಬ. ಬೇಲಿಗೆ ಸುರಿದೆ, ಬೇಲಿ ನರಳಿತು ಎಂದು ಇನ್ನೊಬ್ಬಳು. ಗಂಡಂದಿರು, ಅತ್ತೆಯರು, ಪೋಸ್ಟ್ ಮಾಸ್ತರು, ದೇವಸ್ಥಾನದ ಅಯ್ಯನವರು, ಯಾರೊಬ್ಬರೂ ಉಳಿಯದಂತೆ ಬಾಯಿಗೆ ಬಂದಂತೆ ಬೈದರು. ಅಂಗಡಿಗಳಲ್ಲಿ ನವಿಲುಗರಿಯ ಡಬ್ಬಿ ಬಂದು ಕೂರುವ ಮುಂಚೆ ಖಾಲಿ. ಜನ ನಡುರಾತ್ರಿ ಎದ್ದು ಚಹಾ ಕಾಸಿಕೊಂಡು ಕುಡಿದರು, ಊರಿನ ಬಾವಿಗಳ ನೀರು ಎರಡು ಅಡಿ ಇಳಿಯಿತು, ಹಸುಗಳು ಹಾಲು ಕೊಟ್ಟು ಕೊಟ್ಟು ಸಾಕಾಗಿ ಕಾಡಿಗೆ ಓಡಿಹೋದವು. ಹಸುವಿನ ಮಾತು ಬಿಡಿ, ಮಿಕ್ಕದ್ದು ನಿಜ.

ನಾನು ಮೀಸೆ ತಿರುವುತ್ತ ಹೆಡ್ಡಾಫೀಸಿನ ಸನ್ಮಾನಕ್ಕೆ ಕಾದೆ. ಬಂದದ್ದು ಮಧುಲಿಕಾ ಮೇಡಂ ಫೋನು. ಅವರಲ್ಲೊಂದು ಯಂತ್ರ ಇತ್ತು. ಊರೂರಿನ ಜನ ಬರೆದ ಮಾತನ್ನೆಲ್ಲ ಓದಿ, ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು ಹಚ್ಚುವ ಯಂತ್ರ. ನಮ್ಮ ಊರಿನ ಜಾಗದಲ್ಲಿ ರಕ್ತ ಹರಿದಂತೆ ಕೆಂಪು. ವ್ಯಾಪಾರ ನೋಡಿ ಮೇಡಂ ಎಂದೆ. ವ್ಯಾಪಾರ ಈ ತಿಂಗಳದ್ದು, ಹೆಸರು ಮುಂದಿನದ್ದು ಎಂದರು. ನಾನು ಕೋತಿ, ಗೂಬೆ, ಇಡ್ಲಿ, ಮಲ್ಲಿಗೆ ಎಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು, ಕೆಟ್ಟವರಲ್ಲ.

“ನೋಡಿ ಸುಂದರೇಶ್, ಆ ಊರಿನ ಸಂಸ್ಕೃತಿ ನನಗೆ ಅರ್ಥ ಆಗುತ್ತೆ. ಮೇಲಿನವರಿಗೆ ಸಂಸ್ಕೃತಿ ಕಾಣಲ್ಲ, ಬಣ್ಣ ಕಾಣುತ್ತೆ. ನನಗೆ ಒಂದು ಹಸಿರು ಬೇಕು.”

ಶುಕ್ರವಾರದೊಳಗೆ ಹಸಿರು ಬರದಿದ್ದರೆ ನವಿಲುಗರಿ ಆ ಊರು ಬಿಡುತ್ತದೆ, ನಾನು ನವಿಲುಗರಿಯನ್ನು ಬಿಡಬೇಕಾಗುತ್ತದೆ ಎಂದರು. ನನಗೇನು, ಹಸಿರು ತಾನೆ? ಕೂತಲ್ಲೇ ಹಸಿರಿನ ಕಾಡು ಬೆಳೆಸಿದೆ. ನವಿಲುಗರಿ ಕುಡಿದ ಕುಂಟ ಓಡಿದ, ಕುರುಡಿ ಸೂಜಿಗೆ ದಾರ ಪೋಣಿಸಿದಳು, ಗೊಡ್ಡು ಎಮ್ಮೆ ಅವಳಿ ಕರು ಹಾಕಿತು. ಹಲ್ಲಿಲ್ಲದ ಹೊಗಳಿಕೆ, ಯಾರಿಗೂ ನೋವಿಲ್ಲ. ಮೇಡಂ ಎಲ್ಲವನ್ನೂ ವಾಪಸು ಕಳಿಸಿದರು. ಯಂತ್ರಕ್ಕೆ ಈಗ ಸುಳ್ಳೂ ಗೊತ್ತಾಗುತ್ತದಂತೆ, ಸುಳ್ಳಿಗೆ ಬೂದಿ ಬಣ್ಣ ಹಚ್ಚುತ್ತದಂತೆ. ಒಬ್ಬ ಮನುಷ್ಯ, ಒಂದು ಲೋಟ, ಒಂದು ನಿಜ, ಅಷ್ಟು ಕೊಡಿ ಸಾಕು ಎಂದರು.

ನಾನು ಆಗ ಏನು ಮಾಡಿದೆ ಅಂತೀರಿ? ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ನಿಮ್ಮ ಹಸಿರಿಗೆ ಬೆಂಕಿ ಬೀಳಲಿ, ಈ ಊರಿನ ಒಂದು ಹುಲ್ಲುಕಡ್ಡಿಯನ್ನೂ ನಾನು ಹೊಗಳಲಾರೆ ಎಂದು ಗುಡುಗಿದೆ. ನನ್ನ ದನಿಗೆ ಅವರ ಕಡೆ ಕಿಟಕಿಯ ಗಾಜು ಸೀಳಿತು. ಆದರೆ ದೊಡ್ಡವರ ಕೈ ಉದ್ದ. ಗುರುವಾರ ಮಧ್ಯಾಹ್ನ ಹೆಡ್ಡಾಫೀಸಿನವರೇ ಯಾರೋ, ನನ್ನನ್ನು ಕೇಳದೆ, ನಾನು ಯಾವತ್ತೋ ಕಳಿಸಿದ್ದ ಚಿತ್ರವೊಂದನ್ನು ಹುಡುಕಿ, ಅದರ ಕೆಳಗೆ ನಾಲ್ಕು ಸಾಲು ಬರೆದು ಗೋಡೆಯ ಮೇಲೆ ಹಾಕಿಬಿಟ್ಟರು. ಚಿತ್ರದಲ್ಲಿದ್ದದ್ದು ಲೋಟಕ್ಕೆ ಚಹಾ ಹೊಯ್ಯುವ ಎರಡು ಕೈ. ಸಾಲುಗಳು ಹೀಗಿದ್ದವು. ‘ಬಸ್ ನಿಲ್ದಾಣದ ಹಿಂದೆ ತಿಪ್ಪಕ್ಕ ಚಹಾ ಕಾಸುತ್ತಾಳೆ. ಹಾಲು ಉಕ್ಕುವ ಮುಂಚೆ ಒಲೆಯ ಕಡೆ ತಲೆ ವಾಲಿಸಿ ಕೇಳಿಸಿಕೊಳ್ಳುತ್ತಾಳೆ. ಮೊದಲ ಲೋಟವನ್ನು ಮಾರುವುದಿಲ್ಲ. ಆ ಕೈಯ ನವಿಲುಗರಿ ಕುಡಿದವನಿಗೆ ತಾನು ಯಾರೆಂಬುದು ನೆನಪಾಗುತ್ತದೆ.’

ನನ್ನ ಕೈಯಲ್ಲಿ ಏನಿತ್ತು ಹೇಳಿ. ನಾನು ನೋಡುವ ಹೊತ್ತಿಗೆ ಊರೆಲ್ಲ ಓದಿಯಾಗಿತ್ತು. ಹೊರಗಿನ ಊರುಗಳಿಂದ ಕೆಂಪು ಹೃದಯಗಳು ಆಲಿಕಲ್ಲಿನ ಹಾಗೆ ಬೀಳುತ್ತಿದ್ದವು. ಯಂತ್ರ ಹಸಿರಾಯಿತು ಎಂದು ಮೇಡಂ ನನಗೆ ಹೆಬ್ಬೆಟ್ಟಿನ ಗುರುತು ಕಳಿಸಿದರು.

ಮರುದಿನ ಬೆಳಗ್ಗೆ ನಾನು ಹೋಗುವಾಗ ಅಂಗಡಿಯ ಮುಂದೆ ಜನ ನಿಂತಿದ್ದರು. ತಿಪ್ಪಕ್ಕ ಯಾವತ್ತಿನಂತೆ ಒಲೆ ಹಚ್ಚಿದಳು. ಹಾಲಿಟ್ಟಳು. ತಲೆ ವಾಲಿಸಿದಳು. ವಾಲಿಸಿಕೊಂಡೇ ಇದ್ದಳು. ಹಾಲು ಉಕ್ಕಿ ಒಲೆಗೆ ಸುರಿದು ಸೀದ ವಾಸನೆ ಬರುವವರೆಗೆ ಅವಳಿಗೆ ಏನೂ ಕೇಳಿಸಲಿಲ್ಲ. ಉಳಿದದ್ದರಲ್ಲಿ ಚಹಾ ಮಾಡಿ, ಸೋಸಿ, ಮೊದಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗಂಡನ ಮುಂದೆ ಕೂತಳು. ಕಲ್ಲಪ್ಪಜ್ಜ ಒಂದು ಗುಟುಕು ಕುಡಿದ. ಮುಖ ಸಿಂಡರಿಸಲಿಲ್ಲ. ಇನ್ನೊಂದು ಗುಟುಕು ಕುಡಿದ. ಆಮೇಲೆ ಲೋಟವನ್ನು ಜೋಪಾನವಾಗಿ ಕೆಳಗಿಟ್ಟು ಅವಳಿಗೆ ಕೈ ಮುಗಿದ.

“ಚೆನ್ನಾಗಿದೆ ತಾಯಿ. ನೀವು ಯಾರ ಮನೆಯವರು?”

ನಿಂತ ಜನ ಒಬ್ಬೊಬ್ಬರಾಗಿ ಚಪ್ಪಲಿ ಸದ್ದಾಗದಂತೆ ಹಿಂದೆ ಸರಿದರು.

ಆ ಊರಿನವರು ಸುಲಭಕ್ಕೆ ಕೈಬಿಡುವವರಲ್ಲ. ಅವತ್ತೇ ಎಲ್ಲರೂ ಗೋಡೆಗೆ ಬಿದ್ದು ತಿಪ್ಪಕ್ಕನ ಚಹಾವನ್ನು ಬೈಯಲು ಶುರುಮಾಡಿದರು. ಹಿಂದೆಂದೂ ಬೈಯದಂತೆ ಬೈದರು. ಅದನ್ನು ಕಲಗಚ್ಚೆಂದರು, ಚರ್ಮ ಹದ ಮಾಡುವ ನೀರೆಂದರು. ನೆರೆ ಊರಿನ ನೆಂಟರಿಂದಲೂ ಬೈಗುಳ ತರಿಸಿದರು. ಅಂಗಡಿಗೆ ಬಂದು ಆ ಚಹಾವನ್ನೇ ಕುಡಿದು, ಎದುರಿಗೇ ಉಗಿದು ಹೋದರು. ಆದರೆ ಬೈಗುಳ ಹತ್ತಲಿಲ್ಲ. ಚಹಾ ಈಗ ನಿಜವಾಗಿಯೂ ಕೆಟ್ಟಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದು ಬೈಗುಳವಲ್ಲ, ವರದಿ. ಅದು ಅವರಿಗೂ ಗೊತ್ತಾಗುತ್ತ ಬಂತು. ಬರೆಯುವವರು ಕಡಿಮೆಯಾದರು. ಒಂದು ಬೆಳಗ್ಗೆ ಗೋಡೆಯಲ್ಲಿ ತಿಪ್ಪಕ್ಕನ ಹೆಸರೇ ಇರಲಿಲ್ಲ. ನನ್ನ ಬೋಳುತಲೆಯ ಜಾಹೀರಾತಿಗೆ ಸಿಕ್ಕಿದ ಮೌನವೇ ಅವಳಿಗೂ ಸಿಕ್ಕಿತು. ಅಂಗಡಿಯ ಬೆಂಚಿನ ಮೇಲೆ ನಾನೊಬ್ಬ, ಗೋಡೆಗೆ ಒರಗಿ ಗಂಡನೊಬ್ಬ. ಅವನು ಪ್ರತಿದಿನ ಬೆಳಗ್ಗೆ ಅವಳಿಗೆ ಕೈ ಮುಗಿಯುತ್ತಿದ್ದ. ಅವನಿಗೆ ಯಾರೋ ಒಳ್ಳೆಯ ಸಂಸ್ಕಾರ ಕಲಿಸಿದ್ದರು, ಮರೆತಿರಲಿಲ್ಲ.

ನನ್ನಿಂದ ತಡೆಯಲಾಗಲಿಲ್ಲ. ಸಂತೆಗೆ ಹೋಗಿ ಒಂದು ಮೂಟೆ ಒಣಮೆಣಸಿನಕಾಯಿ ತಂದೆ. ಮೂಟೆ ಎಂದರೆ ಮೂಟೆಯೇ, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಅಂಗಡಿಯ ಮುಂದೆ ಕೆಂಡ ಮಾಡಿ, ತಿಪ್ಪಕ್ಕನನ್ನು ಕೂರಿಸಿ, ಅವಳ ಎರಡೂ ಕೈಗಳಿಗೆ ಮುಷ್ಟಿ ಮುಷ್ಟಿ ನಿವಾಳಿಸಿ ಹಾಕತೊಡಗಿದೆ. ಹೊಗೆ ಬಸ್ ನಿಲ್ದಾಣವನ್ನು ಮುಚ್ಚಿತು. ಇಡೀ ಊರು ಬಂದು ನಿಂತಿತು. ಅಷ್ಟು ಮೆಣಸಿನಕಾಯಿಯ ಹೊಗೆಯಲ್ಲಿ ಯಾರೊಬ್ಬರೂ ಕೆಮ್ಮಲಿಲ್ಲ. ಕೆಮ್ಮಿ ಎಂದು ನಾನು ಬೇಡಿಕೊಂಡೆ. ಒಬ್ಬ ಮುದುಕ ಕನಿಕರದಿಂದ ಕೆಮ್ಮಲು ಪ್ರಯತ್ನಪಟ್ಟ, ಬರಲಿಲ್ಲ. ಹೆಡ್ಡಾಫೀಸಿನವರ ಮನೆ ಹಾಳಾಗಲಿ, ಅವರ ಕೈ ಸೇದಿಹೋಗಲಿ ಎಂದು ನಾನು ಶಪಿಸುತ್ತ ಇನ್ನೊಂದು ಮುಷ್ಟಿ ತೆಗೆದೆ. ತಿಪ್ಪಕ್ಕ ನನ್ನ ಮಣಿಕಟ್ಟು ಹಿಡಿದಳು.

“ಒಲೆ ಕಡೆ ತಲೆ ವಾಲಿಸಿ ನಾನು ಕೇಳೋದನ್ನ ಹೆಡ್ಡಾಫೀಸಿನವರು ಯಾವ ಬೆಂಚಿನ ಮೇಲೆ ಕೂತು ನೋಡಿದರು?”

ನಾನು ಬಾಯಿ ತೆರೆದೆ. ಸೂರ್ಯನಿಗೆ ಜಾಹೀರಾತು ಬರೆದ ಬಾಯಿ. ಒಂದು ಸುಳ್ಳೂ ಹೊರಡಲಿಲ್ಲ.

ಬರೆದವನು ನಾನು. ಮೇಡಂಗೆ ನಾನು ಗುಡುಗಲಿಲ್ಲ, ಯಾವ ಗಾಜೂ ಸೀಳಲಿಲ್ಲ. ಆಗಲಿ ಮೇಡಂ, ಕೊಡುತ್ತೇನೆ ಮೇಡಂ ಎಂದೆ. ಗುರುವಾರ ಮಧ್ಯಾಹ್ನ, ಅವಳು ಕೊಟ್ಟ ಚಹಾ ಪಕ್ಕದಲ್ಲಿಟ್ಟುಕೊಂಡು, ಅವಳ ಬೆಂಚಿನ ಮೇಲೇ ಕೂತು ಬರೆದೆ. ನಿಜವಾಗಿ ಹೊಗಳಲು ಏನಿದೆ ಎಂದು ಹುಡುಕಿದೆ. ನನ್ನ ಪುಡಿಯಲ್ಲಿ ಏನೂ ಇರಲಿಲ್ಲ, ನನ್ನಲ್ಲಿ ಏನೂ ಇರಲಿಲ್ಲ. ಇದ್ದದ್ದು ಆ ಕೈಯೊಂದೇ. ನಾನು ಬರೆದದ್ದಕ್ಕೆ ಯಾವತ್ತೂ ಹಲ್ಲಿರಲಿಲ್ಲ, ಇದಕ್ಕೂ ಇರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಬರೆಯುತ್ತ ಬರೆಯುತ್ತ ಗೊತ್ತಾಗಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಪದವೂ ಹೆಚ್ಚಿರಲಿಲ್ಲ. ಅದು ಗೊತ್ತಾದ ಮೇಲೂ ನನ್ನ ಬೆರಳು ಗಾಜನ್ನು ಒತ್ತಿತು. ಶುಕ್ರವಾರ ಹತ್ತಿರವಿತ್ತು. ಇದೆಲ್ಲವನ್ನೂ ಆ ಹೊಗೆಯಲ್ಲಿ ನಿಂತು, ಊರಿನ ಎದುರು ಹೇಳಿದೆ. ನಿಮಗೆ ಹೆಡ್ಡಾಫೀಸಿನವರು ಎಂದು ಹೇಳಿದ್ದೆನಲ್ಲ, ಊರಿನವರಿಗೂ ಹಾಗೇ ಹೇಳಿದ್ದೆ.

ಹೇಳಿ ಮುಗಿಸಿ, ಬೈಯಿ ತಿಪ್ಪಕ್ಕ ಎಂದೆ. ಆ ಊರಿನಲ್ಲಿ ಬೈಗುಳ ಎಂದರೆ ಏನೆಂದು ನಾನು ಕಲಿತಿದ್ದೆ. ನಾಚಿಕೆಯಿಲ್ಲದೆ ಅದನ್ನೇ ಕೇಳಿದೆ. ಅವಳು ಬೈಯಲಿಲ್ಲ. ನನ್ನ ಫೋನು ತೆಗೆದುಕೊಂಡಳು. ಸೀದ ಹಾಲಿನ ಕಲೆಯಿದ್ದ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಗೋಡೆಯ ಮೇಲೆ ಬರೆದು, ನನ್ನ ಕೈಗೆ ವಾಪಸು ಕೊಟ್ಟಳು.

‘ಸುಂದರೇಶನವರು ಒಳ್ಳೆಯವರು.’

ಎಲ್ಲರ ಜೇಬಿನಲ್ಲೂ ಫೋನು ಸದ್ದು ಮಾಡಿತು. ಎಲ್ಲರೂ ಓದಿ ತಲೆಯೆತ್ತಿ ನನ್ನನ್ನೇ ನೋಡಿದರು. ನಾನೂ ಕಾದೆ. ಕಾಲು ಒಣಗಬಹುದು, ನಾಲಗೆ ಬೀಳಬಹುದು, ಎದೆಯಲ್ಲಿ ಮಲ್ಲಿಗೆ ಬಳ್ಳಿಯ ಹಾಗೆ ಏನಾದರೂ ಹುಲ್ಲಾಗಿ ಉದುರಬಹುದು ಎಂದು ಕಾದೆ. ಒಣಗಲಿ, ಆ ಮಾತಿಗೆ ಹಲ್ಲಿರಲಿ ಎಂದು ದೇವರಲ್ಲಿ ಬೇಡಿದೆ. ಕೆಂಡ ಆರಿತು. ಸಂಜೆಯ ಬಸ್ಸು ಬಂದು ಹೋಯಿತು. ಜನ ಮನೆಗೆ ಹೋದರು. ಗೋಡೆಗೆ ಒರಗಿ ಕೂತಿದ್ದ ಕಲ್ಲಪ್ಪಜ್ಜನನ್ನು ಎಬ್ಬಿಸಿ ತಿಪ್ಪಕ್ಕ ಕರೆದುಕೊಂಡು ಹೋದಳು. ಹೋಗುವಾಗ ಅವನು ಅವಳಿಗೆ, ನಿಮಗೆ ತೊಂದರೆಯಾಯಿತು ಎಂದ.

ಸೂರ್ಯನಿಗೆ ನಾನೇನೂ ಬರೆದುಕೊಟ್ಟಿಲ್ಲ, ಅವನು ತಾನಾಗಿಯೇ ಬರುತ್ತಾನೆ. ಕಂಪನಿಯಲ್ಲಿ ನನ್ನನ್ನು ಉಳಿಸಿಕೊಂಡರು, ದೊಡ್ಡ ಊರಿಗೆ ಹಾಕಿದರು. ಅಲ್ಲಿ ನಾನು ಚೆನ್ನಾಗಿ ಊಟ ಮಾಡುತ್ತೇನೆ, ಮಲಗಿದ ತಕ್ಷಣ ನಿದ್ದೆ ಬರುತ್ತದೆ. ಈಗಲೂ ಬೆಳಗ್ಗೆ ಎದ್ದ ಕೂಡಲೇ ಕೈ, ಕಾಲು, ಎದೆ ಮುಟ್ಟಿ ನೋಡಿಕೊಳ್ಳುತ್ತೇನೆ. ಏನೂ ಒಣಗಿಲ್ಲ. ಗಟ್ಟಿಮುಟ್ಟಾಗಿದ್ದೇನೆ.